ಏರಿನ ಲೆಕ್ಕ

ನಮ್ಮ ಪಠ್ಯಕ್ರಮದಲ್ಲಿ ಚೆಂಡು ಅಂದರೆ
ಚೀಲದೊಳಗಿನ ಚೆಂಡು:
ಐದು ಕೆಂಪು, ಮೂರು ಕಪ್ಪು,
ನೋಡದೆ ಒಂದು ತೆಗೆದರೆ ಕೆಂಪು ಬರುವ ಸಂಭವವೆಷ್ಟು?
ಹದಿನಾರು ವರ್ಷದಿಂದ ತೆಗೆಯುತ್ತಿದ್ದೇನೆ.
ಚೀಲ ಖಾಲಿಯಾಗಿಲ್ಲ.

ಆ ಆಗಸ್ಟಿನಲ್ಲಿ ಒಲಿಂಪಿಕ್ಸ್ ಬಂತು.
ಹಿಂದಿನ ಬೆಂಚು ರಾತ್ರಿಯಿಡೀ ನೋಡಿ
ಬೆಳಿಗ್ಗೆ ತೂಕಡಿಸುತ್ತ,
ಹಾಜರಿ ಕೂಗಿದರೆ ಪದಕ ಬಂದವರಂತೆ ಎದ್ದು ನಿಲ್ಲುತ್ತಿತ್ತು.
ಬೈಯಲು ಬಾಯಿ ತೆಗೆದವಳು
"ಅದನ್ನೇ ತರ್ರಿ ಕ್ಲಾಸಿಗೆ" ಅಂದುಬಿಟ್ಟೆ.
ನಾನು ಅತಿಥಿ ಉಪನ್ಯಾಸಕಿ.
ನಾಲ್ಕು ತಿಂಗಳಿಂದ ಸಂಬಳವಿಲ್ಲದ ಅತಿಥಿಗೆ
ಇಷ್ಟೂ ಸಲಿಗೆ ಬೇಡವೇ?

ಮಹಿಳೆಯರ ಮ್ಯಾರಥಾನ್. ಕರಾರು ಒಂದೇ:
ಮೊದಲ ಹತ್ತು ಮಂದಿಯನ್ನು ಮುಟ್ಟುವಂತಿಲ್ಲ.
ಉಳಿದವರಲ್ಲಿ ಒಬ್ಬಳನ್ನು ಹಿಡಿದು
ಐದೈದು ಕಿಲೋಮೀಟರಿನ ಅವಳ ಸಮಯವನ್ನು
ಗ್ರಾಫಿಗೆ ಇಳಿಸಬೇಕು.

ಮೋನಪ್ಪ ಹೆಸರು ಚಂದ ಇದ್ದವಳನ್ನು ಆರಿಸಿದ,
ನುಸ್ರತ್ ತಲೆಗೆ ಬಟ್ಟೆ ಕಟ್ಟಿದವಳನ್ನು,
ದೇವೀಂದ್ರ ಇಪ್ಪತ್ತೆರಡನೆಯವಳನ್ನು. ಯಾಕೋ ಅಂದರೆ
"ನನ್ನ ರೋಲ್ ನಂಬರ್ ರೀ ಮೇಡಂ."
ಶಹಾಬಾದಿನ ಅಂಬವ್ವ
ಪಟ್ಟಿಯ ತೀರಾ ಕೊನೆಗೆ ಬೆರಳಿಟ್ಟಳು.

ಯಾವುದೋ ದ್ವೀಪದವಳು. ಕ್ಯಾಮೆರಾ ಅವಳ ಕಡೆ ತಿರುಗಲೇ ಇಲ್ಲ.
ಶುರುವಿನ ಗುಂಪಿನಲ್ಲಿ ಒಂದು ಮೊಣಕೈ ಕಂಡಿತಂತೆ.
ಆಮೇಲೆ ಬರೀ ಅಂಕಿ.

ಸೋಮವಾರ ಅಂಬವ್ವನ ಗೆರೆ ಬೋರ್ಡಿಗೆ ಬಂತು.
ಮೂವತ್ತರಿಂದ ಮೂವತ್ತೈದರ ನಡುವೆ
ಸೆಟೆದು ಮೇಲಕ್ಕೆದ್ದಿತ್ತು.
"ಇಲ್ಲಿ ಸೋತಳು" ಅಂದೆ,
ಸೀಮೆಸುಣ್ಣದಿಂದ ಸುತ್ತು ಹಾಕಿದೆ.
ಹದಿನಾರು ವರ್ಷದ ಅನುಭವ, ನೋಡಿ.

"ಸೋತಿಲ್ರಿ. ಅಲ್ಲಿ ಏರು ಅದ."
ಭೂಗೋಳ ವಿಭಾಗದಿಂದ ಆ ಊರಿನ ನಕಾಶೆ ತಂದಿದ್ದಳು,
ಅಡ್ಡ ಹೆಚ್ಚಿದ ಉಳ್ಳಾಗಡ್ಡಿಯಂಥ ಸುತ್ತುಗೆರೆಗಳು.
"ಇಲ್ಲಿ ಎಲ್ಲಾರೂ ನಿಧಾನ ಆಗ್ಯಾರ, ಚಿನ್ನ ಗೆದ್ದಾಕಿ ಸೈತ.
ಆದ್ರ ಶೇಕಡಾ ತಗದು ನೋಡ್ರಿ.
ಏರಿನಾಗ ಎಲ್ಲಾರಕಿಂತ ಕಮ್ಮಿ ಕಳಕೊಂಡಾಕಿ
ನಮ್ಮಾಕಿ."

ಕ್ಯಾಲ್ಕುಲೇಟರ್ ಎರಡು ಸಲ ಒತ್ತಿದೆ.
ಕರೆಂಟು ಹೋಯಿತು. ಯಾರೂ ಏಳಲಿಲ್ಲ.
"ಮೊದಲೇ ಮೆಲ್ಲಗ ಓಡಾಕಿ," ಮೋನಪ್ಪ ಕತ್ತಲಲ್ಲೇ ತಕರಾರು ತೆಗೆದ,
"ಕಳಕೊಳ್ಳಲಕ್ಕ ಏನಿರ್ತದ?"
ಒಳ್ಳೆಯ ಪ್ರಶ್ನೆ. ಚೀಲದ ಚೆಂಡಿಗೆ
ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಕಲಬುರಗಿಯಲ್ಲಿ ಏರು ಎಲ್ಲಿಂದ ತರೋಣ?
ತೊಗರಿ ಹೊಲ ಜಮಖಾನೆಯಂತೆ ಹಾಸಿದ ನೆಲ ಇದು.
ಇರುವುದೊಂದೇ, ರೈಲ್ವೆ ಮೇಲ್ಸೇತುವೆ.
ವಿಭಾಗದ ಮುಖ್ಯಸ್ಥರು ಕನ್ನಡಕ ಇಳಿಸಿ,
"ಇದು ಯಾವ ಯೂನಿಟ್ನಾಗ ಬರ್ತದ?" ಅಂದರು.
"ನಾಲ್ಕನೇದ್ರಾಗ ಸರ್. ವಿಚಲನೆ."

ನಸುಕಿನ ಐದೂವರೆ. ಸುಣ್ಣದ ಗೆರೆ ನಾಲ್ಕು.
ಸಮತಟ್ಟು ಇಷ್ಟು ಹೆಜ್ಜೆ, ಏರೂ ಅಷ್ಟೇ ಹೆಜ್ಜೆ.
ಜೋರಿನವರು, ಮೆಲ್ಲನವರು, ಚಪ್ಪಲಿಯವರು, ಬರಿಗಾಲಿನವರು.
ಹಾಲಿನ ಕ್ಯಾನಿನ ಸೈಕಲ್ಲೊಂದು ಲೆಕ್ಕಕ್ಕೆ ಸಿಕ್ಕಿಬಿದ್ದಿತು.
ಟಂಟಂ ನಿಲ್ಲಿಸಿ ಒಬ್ಬರು ಕೇಳಿದರು,
"ಪೊಲೀಸ್ ಭರ್ತಿ ಏನ್ರಿ?"
"ಇಲ್ರಿ ಚಾಚಾ," ಎದುಸಿರು ಬಿಡುತ್ತ ನುಸ್ರತ್ ಅಂದಳು,
"ಸಂಖ್ಯಾಶಾಸ್ತ್ರ."

ಕೊನೆಗೆ ನನ್ನ ಕೈಯ ಬ್ಯಾಗನ್ನು ಯಾರೋ ತೆಗೆದುಕೊಂಡರು.
ಸೆರಗು ಸಿಕ್ಕಿಸಿದೆ. ಕೆಳಗೆ ಗೂಡ್ಸ್ ಗಾಡಿ,
ಸಿಮೆಂಟಿನ ಡಬ್ಬಿ ಎಣಿಸುತ್ತ ಓಡಿದೆ,
ಹದಿನೇಳಕ್ಕೆ ಎಣಿಕೆ ತಪ್ಪಿತು.
ಸಮತಟ್ಟಿನಲ್ಲಿ ಐವತ್ತೆಂಟು ಸೆಕೆಂಡು,
ಏರಿನಲ್ಲಿ ತೊಂಬತ್ತೊಂದು.
ಕೋಷ್ಟಕದ ತೀರಾ ಕೊನೆಯ ಸಾಲು, ನನ್ನ ಹೆಸರು.

ಅಂಬವ್ವ ಅದರ ಮೇಲೆ ಬೆರಳಿಟ್ಟು
"ಇನ್ನೊಮ್ಮೆ ಓಡ್ರಿ ಮೇಡಂ" ಅಂದಳು.
"ಒಂದೇ ಸಲದ ಅಂಕಿ ನಂಬಬ್ಯಾಡ್ರಿ ಅಂತ
ನೀವೇ ಹೇಳೀರಲ್ಲ."